ಗಾಳಿಯಲ್ಲಿ ಓಡುವ ಕೇಬಲ್, ಹೊಲಿಗೆ ಇಲ್ಲದ ಗಾಯ, ಮತ್ತು ಪೇಟೆಂಟ್ ಪಡೆದ ಲೆಕ್ಕ

ಪೇಟೆಂಟ್ ಅಂದರೆ ಒಂದು ಆವಿಷ್ಕಾರದ ಸುತ್ತ ಹಾಕುವ ಕಾನೂನಿನ ಬೇಲಿ; ಅದು ಎಲ್ಲಿ ಚೊಕ್ಕವಾಗಿ ನಿಲ್ಲುತ್ತದೆ, ಎಲ್ಲಿ ತೊಡಕಾಗುತ್ತದೆ ಅಂತ ಕೆಲವು ಕಥೆಗಳಲ್ಲಿ ನೋಡೋಣ. ನೆಲದಡಿ ಹೂತಿರುವ ಪೈಪಿನೊಳಗೆ ಒಂದು ಕಿಲೋಮೀಟರ್ ಉದ್ದದ ಕೇಬಲ್ ಹಾಕಬೇಕು ಅಂದುಕೊಳ್ಳಿ. ಈ ಕಡೆಯಿಂದ ತಳ್ಳಿದರೆ ಸ್ವಲ್ಪ ದೂರ ಹೋಗಿ ಒಳಗೇ ಸೊಟ್ಟಗಾಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಎಳೆಯುವುದೇ ಹಳೆಯ ದಾರಿ: ಮೊದಲು ಒಂದು ಹಗ್ಗ ದಾಟಿಸಬೇಕು, ಅದರ ತುದಿಗೆ ಕೇಬಲ್ ಕಟ್ಟಬೇಕು, ಆ ಕಡೆಯಿಂದ ವಿಂಚ್ ಹಾಕಿ ಎಳೆಯಬೇಕು. ಪೈಪು ನೇರವಾಗಿದ್ದರೆ ಇದೇನು ಕಷ್ಟವಲ್ಲ. ತಿರುವು ಬಂದಾಗ ಗೋಳು ಶುರು.

ತಿರುವಿನಲ್ಲಿ ಕೇಬಲ್ ಪೈಪಿನ ಒಳಗೋಡೆಗೆ ಒತ್ತಿಕೊಳ್ಳುತ್ತದೆ. ಜೋರಾಗಿ ಎಳೆದಷ್ಟೂ ಜೋರಾಗಿ ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಜಾಸ್ತಿ, ಆ ಘರ್ಷಣೆಯನ್ನು ಮೀರಲು ಇನ್ನೂ ಜೋರಾಗಿ ಎಳೆಯಬೇಕು. ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದುಕೊಂಡರೆ ಚಿಕ್ಕ ಹುಡುಗನೂ ಎತ್ತನ್ನು ನಿಲ್ಲಿಸಬಹುದು, ಅಲ್ವಾ? ಅಲ್ಲಿ ನಮಗೆ ಉಪಕಾರ ಮಾಡುವ ಘರ್ಷಣೆಯೇ ಇಲ್ಲಿ ಶತ್ರು. ಬೇಕಾದ ಬಲ ತಿರುವಿನಿಂದ ತಿರುವಿಗೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಇದ್ದರೆ 90 ಡಿಗ್ರಿಯ ನಾಲ್ಕು ತಿರುವು ದಾಟುವಷ್ಟರಲ್ಲಿ ಬಲ ಸುಮಾರು 6.6 ಪಟ್ಟಾಗುತ್ತದೆ. ಎಂಟು ತಿರುವಿದ್ದರೆ 13 ಪಟ್ಟು ಅಂದುಕೊಳ್ಳಬೇಡಿ, 43 ಪಟ್ಟು.

ತಾಮ್ರದ ಕೇಬಲ್ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಆದರೆ ಬೆಳಕಿನ ಮೂಲಕ ಸಂದೇಶ ಒಯ್ಯುವ ಆಪ್ಟಿಕಲ್ ಫೈಬರ್ ಗಾಜು. ಆ ಗಾಜಿನ ಎಳೆಯ ದಪ್ಪ 0.125 ಮಿಲಿಮೀಟರ್. ಎಳೆತ ಜಾಸ್ತಿಯಾದರೆ ಅಲ್ಲೇ ತುಂಡಾಗಬಹುದು, ಆಗದಿದ್ದರೂ ಕಣ್ಣಿಗೆ ಕಾಣದ ಬಿರುಕುಗಳು ವರ್ಷಗಟ್ಟಲೆ ನಿಧಾನವಾಗಿ ಬೆಳೆಯಬಹುದು. ಅದಕ್ಕೇ ಫೈಬರಿನ ಜೊತೆ ಉಕ್ಕಿನ ತಂತಿಯಂಥ ಗಟ್ಟಿ ವಸ್ತು ಸೇರಿಸಿ ದಪ್ಪ ಕೇಬಲ್ ಮಾಡುತ್ತಿದ್ದರು. ತಮಾಷೆ ನೋಡಿ: ಆ ಗಟ್ಟಿತನ ಮುಖ್ಯವಾಗಿ ಬೇಕಾಗಿದ್ದು ಎಳೆಯುವ ಆ ಒಂದು ದಿನಕ್ಕೆ. ಆಮೇಲೆ ಕೇಬಲ್ ಸುಮ್ನೆ ಪೈಪಿನೊಳಗೆ ಮಲಗಿರುತ್ತದೆ.

1982ರಲ್ಲಿ ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ಸಂಶೋಧಕರು ಇದನ್ನು ತಿರುಗಿಸಿ ಯೋಚಿಸಿದರು. ತುದಿಯಲ್ಲಿ ಹಿಡಿದು ಎಳೆಯುವುದೇ ಬೇಡ. ಚಿಕ್ಕ ಪ್ಲಾಸ್ಟಿಕ್ ಕೊಳವೆ ತಗೊಂಡು, ಒಳಗೆ ಒತ್ತಡದ ಗಾಳಿ ಬಿಟ್ಟು, ಹಗುರವಾದ ಫೈಬರನ್ನು ಆ ಗಾಳಿಯ ಪ್ರವಾಹಕ್ಕೆ ಇಳಿಸುವುದು. ಗಾಳಿ ಫೈಬರಿಗಿಂತ ತುಂಬಾ ವೇಗವಾಗಿ ಹರಿಯುತ್ತದೆ, ಹರಿಯುತ್ತಾ ಅದರ ಮೈಯನ್ನು ಉದ್ದಕ್ಕೂ ಸವರಿಕೊಂಡು ಮುಂದಕ್ಕೆ ಒಯ್ಯುತ್ತದೆ. ತುದಿಯಲ್ಲಿ ಗಾಳಿ ತಡೆಯುವ ಬಿರಡೆ ಇಲ್ಲ, ಚಿಕ್ಕ ಪ್ಯಾರಾಚೂಟೂ ಇಲ್ಲ. ಪ್ರತಿ ಮೀಟರ್ ಫೈಬರಿಗೂ ಅಲ್ಲಲ್ಲೇ ಅದರ ಪಾಲಿನ ತಳ್ಳು ಸಿಗುತ್ತದೆ, ಹಾಗಾಗಿ ಎಳೆತ ಒಂದೇ ಕಡೆ ಸೇರಿಕೊಳ್ಳುವುದಿಲ್ಲ. ಎಳೆತವೇ ಇಲ್ಲದಿದ್ದರೆ ತಿರುವಿನಲ್ಲಿ ಒತ್ತುವುದೂ ಇಲ್ಲ. ಗುಣಾಕಾರದ ಗೋಳು ಮುಗಿಯಿತು. ಫೈಬರಿಗೆ ಮಾಡಿದ್ದು ಗಟ್ಟಿ ಮಾಡುವುದಕ್ಕೆ ತೀರಾ ಉಲ್ಟಾ ಕೆಲಸ: ನೊರೆನೊರೆಯಾದ ಪ್ಲಾಸ್ಟಿಕ್ ಹೊದಿಕೆ ಹಾಕಿದರು, ತೂಕ ಜಾಸ್ತಿಯಾಗದೆ ಗಾಳಿಗೆ ಸಿಗುವ ಮೈ ದೊಡ್ಡದಾಗಲಿ ಅಂತ.

ಇನ್ನೊಂದು ಲಾಭವೂ ಬಂತು. ಮೊದಲು ಖಾಲಿ ಕೊಳವೆ ಹಾಕಿಟ್ಟರೆ ಸಾಕು, ಫೈಬರನ್ನು ಗಿರಾಕಿ ಬಂದಾಗ ಊದಬಹುದು. ಹಳೆಯದು ಬೇಡವಾದರೆ ತೆಗೆದು ಹೊಸದು ಊದಬಹುದು, ನೆಲ ಅಗೆಯುವ ಕೆಲಸವೇ ಇಲ್ಲ.

ಈ ಉಪಾಯಕ್ಕೆ ಪೇಟೆಂಟ್ ಇದೆ. ಪೇಟೆಂಟಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಕೊನೆಗೆ ಬರುವ ಕ್ಲೇಮುಗಳು, ಅಂದರೆ ‘ಇಷ್ಟು ನಮ್ಮದು’ ಅಂತ ಬೇಲಿ ಹಾಕುವ ವಾಕ್ಯಗಳು. ಐಡಿಯಾಗೆ ಬೇಲಿ ಇಲ್ಲ, ಆ ವಾಕ್ಯಗಳಿಗೆ ಮಾತ್ರ. ಊದುವ ಫೈಬರಿನ ಪೇಟೆಂಟಿನಲ್ಲಿ ಈ ಬೇಲಿ ಚೊಕ್ಕವಾಗಿದೆ: ಹಗುರವಾದ, ಬಾಗುವ ಫೈಬರು, ಕೊಳವೆ, ಫೈಬರಿಗಿಂತ ವೇಗವಾಗಿ ಹೋಗುವ ಅನಿಲ, ಆ ಅನಿಲದ ಸೆಳೆತದಿಂದ ಆಗುವ ಚಲನೆ. ಹಗ್ಗ ಕಟ್ಟಿ ಎಳೆಯುವವರು ಬೇಲಿಯಿಂದ ಆಚೆ ಅಂತ ಯಾರಿಗೂ ಗೊತ್ತಾಗುತ್ತದೆ. ಮುಂದೆ ನೆದರ್ಲೆಂಡ್ಸ್‌ನ ದೂರವಾಣಿ ಸಂಸ್ಥೆಯ ಎಂಜಿನಿಯರುಗಳು ಗಾಳಿಯ ಜೊತೆಗೆ ಕೊಳವೆಯ ಬಾಯಿಯಲ್ಲಿ ಯಂತ್ರದಿಂದ ತಳ್ಳುವುದನ್ನೂ ಸೇರಿಸಿ ದಪ್ಪ ಕೇಬಲುಗಳನ್ನೂ ಕಿಲೋಮೀಟರುಗಟ್ಟಲೆ ಓಡಿಸಿದರು. ಅದು ಅವರದೇ ಬೇರೆ ಆವಿಷ್ಕಾರ. ಪೇಟೆಂಟ್ ಪದ್ಧತಿ ಹೇಳಿದ ಹಾಗೆ ನಡೆಯುವುದು ಇಂಥ ಜಾಗದಲ್ಲಿ, ಕೈಗೆ ಸಿಗುವ ವಸ್ತು ಇರುವ ಕಡೆ, ಅಂತ ನನಗನ್ನಿಸುತ್ತದೆ.

ವೈದ್ಯಕೀಯಕ್ಕೆ ಬನ್ನಿ. ಅಲ್ಲೂ ತಿರುವು ತುಂಬಿದ ಕೊಳವೆಗಳೇ, ಹೆಸರು ರಕ್ತನಾಳ ಅಷ್ಟೇ. ಕಾಲಿನ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಿಂದೆ ನಾಳವನ್ನು ಉದ್ದಕ್ಕೆ ಕೊಯ್ದು ತೆಗೆಯಬೇಕಿತ್ತು, ಎಷ್ಟೋ ಸಲ ಕಾಲೇ ಹೋಗುತ್ತಿತ್ತು. ಅಮೆರಿಕದ ಥಾಮಸ್ ಫೋಗರ್ಟಿ ತೆಳು ಕೊಳವೆಯ ತುದಿಗೆ ಪುಟ್ಟ ಬಲೂನು ಕಟ್ಟಿದರು. ಉಬ್ಬಿಸದ ಬಲೂನನ್ನು ಹೆಪ್ಪು ದಾಟಿಸಿ ಆಚೆಗೆ ಒಯ್ಯುವುದು, ಅಲ್ಲಿ ಉಬ್ಬಿಸುವುದು, ವಾಪಸ್ ಎಳೆಯುವಾಗ ಹೆಪ್ಪನ್ನೂ ಜೊತೆಗೆ ತರುವುದು. ಮೊದಲ ಬಲೂನು ಶಸ್ತ್ರಚಿಕಿತ್ಸೆಯ ಗ್ಲೌಸಿನ ಬೆರಳ ತುದಿ. ಅಂಟು ಹಿಡಿಯಲಿಲ್ಲ, ಮೀನು ಹಿಡಿಯುವವರ ಗಾಳದ ಗಂಟು ಹಾಕಿ ಕಟ್ಟಿದರು. 1961ರಲ್ಲಿ ರೋಗಿಯ ಮೇಲೆ ಬಳಕೆ, 1969ರಲ್ಲಿ ಪೇಟೆಂಟ್. ಇದೂ ವಸ್ತುವೇ, ಬೇಲಿ ಸ್ಪಷ್ಟ.

ಆದರೆ ವಸ್ತು ಇಲ್ಲದೆ, ಬರೀ ಕೊಯ್ಯುವ ರೀತಿಗೇ ಪೇಟೆಂಟ್ ತಗೊಂಡರೆ? ಅಮೆರಿಕದ ಕಣ್ಣಿನ ವೈದ್ಯ ಸ್ಯಾಮ್ಯುಯೆಲ್ ಪ್ಯಾಲಿನ್ ಹಾಗೇ ಮಾಡಿದರು. ಕಣ್ಣಿನ ಪೊರೆ ತೆಗೆಯುವಾಗ ಒಂದು ವಿಶೇಷ ಆಕಾರದಲ್ಲಿ ಕೊಯ್ದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಡ. ಜಾಣ ಕೆಲಸ, ಅನುಮಾನವೇ ಇಲ್ಲ. 1992ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಇನ್ನೊಬ್ಬ ವೈದ್ಯರ ಮೇಲೆ, ನನ್ನ ರೀತಿಯಲ್ಲಿ ಕೊಯ್ದಿದ್ದೀರಿ ಅಂತ, ಕೇಸು ಹಾಕಿದರು. ವೈದ್ಯರ ಸಮುದಾಯ ಸಿಡಿದೆದ್ದಿತು. ಕತ್ತಿ ಹಿಡಿದ ಕೈ ಯಾವ ಕೋನದಲ್ಲಿ ತಿರುಗಿತು ಅಂತ ವಕೀಲರು ಅಳೆಯುವ ಪರಿಸ್ಥಿತಿ ಯಾರಿಗೆ ಬೇಕು? 1996ರಲ್ಲಿ ಕೇಸು ಬಿದ್ದುಹೋಯಿತು. ಅದೇ ವರ್ಷ ಅಮೆರಿಕದ ಕಾನೂನೂ ಬದಲಾಯಿತು: ಬರೀ ಚಿಕಿತ್ಸಾ ವಿಧಾನದ ಪೇಟೆಂಟ್ ಸಿಗಬಹುದು, ಆದರೆ ಅದನ್ನು ಹಿಡಿದುಕೊಂಡು ಚಿಕಿತ್ಸೆ ಕೊಟ್ಟ ವೈದ್ಯರಿಂದ ಪರಿಹಾರ ವಸೂಲಿ ಮಾಡುವ ಹಾಗಿಲ್ಲ. ಯುರೋಪಿನಲ್ಲಂತೂ ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ಪೇಟೆಂಟೇ ಇಲ್ಲ, ಉಪಕರಣಕ್ಕೆ ಉಂಟು. ನನಗೆ ಯುರೋಪಿನ ದಾರಿಯೇ ಸರಿ ಕಾಣುತ್ತದೆ.

ಕಂಪ್ಯೂಟರಿನ ಲೋಕದಲ್ಲಿ ವಸ್ತುವೂ ಇಲ್ಲ, ಕೈಯೂ ಇಲ್ಲ, ಬರೀ ಲೆಕ್ಕ. ಬೇಲಿ ಎಲ್ಲಿದೆ ಅಂತ ಹುಡುಕುವುದೇ ಕೆಲಸ. ಡೇಟಾವನ್ನು ಕಡಿಮೆ ಜಾಗದಲ್ಲಿ ಹಿಡಿಸುವ ಎಲ್‌ಝಡ್‌ಡಬ್ಲ್ಯು ಅನ್ನುವ ಸಂಕೋಚನ ವಿಧಾನ ನೋಡಿ. ಡೇಟಾ ಓದುತ್ತಾ ಹೋದಂತೆ ಮತ್ತೆ ಮತ್ತೆ ಬರುವ ತುಣುಕುಗಳ ಪಟ್ಟಿ ಮಾಡಿ, ಅವು ಪುನಃ ಬಂದಾಗ ಪಟ್ಟಿಯ ನಂಬರ್ ಮಾತ್ರ ಬರೆಯುತ್ತದೆ. ಸೊಗಸು ಏನೆಂದರೆ ಪಟ್ಟಿಯನ್ನು ಕಳಿಸಬೇಕಾಗಿಯೇ ಇಲ್ಲ, ಬಿಚ್ಚುವ ಪ್ರೋಗ್ರಾಂ ಬಿಚ್ಚುತ್ತಲೇ ಅದೇ ಪಟ್ಟಿಯನ್ನು ತಾನೂ ಕಟ್ಟಿಕೊಳ್ಳುತ್ತದೆ. 1983ರ ಜೂನ್ 1ರಂದು ಐಬಿಎಂನವರು ಇದಕ್ಕೆ ಅರ್ಜಿ ಹಾಕಿದರು. ಜೂನ್ 20ರಂದು ಸ್ಪೆರಿ ಕಂಪನಿಯ ಟೆರ್ರಿ ವೆಲ್ಚ್ ಅವರದ್ದೂ ಹೋಯಿತು. ಹೆಚ್ಚುಕಡಿಮೆ ಒಂದೇ ವಿಧಾನ, ಆದರೆ ಪೇಟೆಂಟ್ ಕಚೇರಿ ಇಬ್ಬರಿಗೂ ಕೊಟ್ಟಿತು! ಎರಡು ಅರ್ಜಿಗಳ ಭಾಷೆ ಬೇರೆ ಬೇರೆ ಇದ್ದರೆ ಲೆಕ್ಕ ಒಂದೇ ಅಂತ ಗುರುತು ಹಿಡಿಯುವುದು ಅಷ್ಟು ಕಷ್ಟ.

1987ರಲ್ಲಿ ಅಮೆರಿಕದ ಆನ್‌ಲೈನ್ ಸೇವೆಯ ಕಂಪನಿ ಕಂಪ್ಯೂಸರ್ವ್ ಈ ವಿಧಾನವನ್ನೇ ಇಟ್ಟುಕೊಂಡು ಜಿಫ್ ಚಿತ್ರಗಳನ್ನು ಮಾಡಿತು, ಪೇಟೆಂಟ್ ಇರುವುದು ಗೊತ್ತಿಲ್ಲದೆ. ಜಿಫ್ ಎಲ್ಲ ಕಡೆ ಹಬ್ಬಿದ ಮೇಲೆ, 1994ರ ಡಿಸೆಂಬರಿನಲ್ಲಿ, ಜಿಫ್ ಬಳಸುವ ಸಾಫ್ಟ್‌ವೇರ್‌ಗೆ ಲೈಸೆನ್ಸ್ ಬೇಕು ಅನ್ನುವ ಸುದ್ದಿ ಬಂತು. ಕೇಳುತ್ತಿದ್ದದ್ದು ಯುನಿಸಿಸ್, ಸ್ಪೆರಿಯ ಪೇಟೆಂಟ್ ಈಗ ಅವರದಾಗಿತ್ತು. ಪ್ರೋಗ್ರಾಮರುಗಳು ಸಿಟ್ಟಿನಿಂದ ಕೂತು ಪಿಎನ್‌ಜಿ ಅನ್ನುವ ಹೊಸ ಮಾದರಿ ಬರೆದರು. ಅದು ಜಿಫ್‌ನ 256 ಬಣ್ಣಗಳ ಮಿತಿಯನ್ನೂ ದಾಟಿತು.

ಆರ್‌ಎಸ್‌ಎ ಗೂಢಲಿಪಿಯ ಕಥೆ ಇನ್ನೂ ವಿಚಿತ್ರ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಬೇರೆ ಮಾಡುವುದು ಬಹಳ ಕಷ್ಟ ಅನ್ನುವುದರ ಮೇಲೆ ನಿಂತ ವಿಧಾನ ಇದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 1977ರಲ್ಲಿ ಅದನ್ನು ಮೊದಲು ಪ್ರಕಟಿಸಿ, ಅರ್ಜಿ ಹಾಕಿದ್ದು ಡಿಸೆಂಬರಿನಲ್ಲಿ. ಪ್ರಕಟಿಸಿದ ಮೇಲೂ ಒಂದು ವರ್ಷ ಅವಕಾಶ ಕೊಡುವ ಅಮೆರಿಕದಲ್ಲಿ 1983ರಲ್ಲಿ ಪೇಟೆಂಟ್ ಸಿಕ್ಕಿತು, ಯುರೋಪಿನಂಥ ಕಡೆ ಆ ಬಾಗಿಲು ಆಗಲೇ ಮುಚ್ಚಿತ್ತು. ಅದಕ್ಕೂ ಮೊದಲು, 1973ರಲ್ಲೇ, ಬ್ರಿಟನ್ನಿನ ಗುಪ್ತಚರ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ ಅದೇ ಲೆಕ್ಕ ಕಂಡುಕೊಂಡಿದ್ದರು. ಆದರೆ ಅದು ಸರ್ಕಾರಿ ಗುಟ್ಟು, 1997ರವರೆಗೆ ಹೊರಗೇ ಬರಲಿಲ್ಲ. ಅಮೆರಿಕದ ಪೇಟೆಂಟ್ ಮುಗಿಯಬೇಕಿದ್ದದ್ದು 2000ದ ಸೆಪ್ಟೆಂಬರ್ 20ಕ್ಕೆ. ಅದರ ಲೈಸೆನ್ಸ್ ಇಟ್ಟುಕೊಂಡಿದ್ದ ಆರ್‌ಎಸ್‌ಎ ಸೆಕ್ಯುರಿಟಿ ಕಂಪನಿ ಎರಡು ವಾರ ಮೊದಲೇ, ಸೆಪ್ಟೆಂಬರ್ 6ರಂದು, ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಮೆರಿಕದ ಹೊರಗೆ ಬಳಸುತ್ತಿದ್ದವರಿಗೆ ಆವತ್ತು ಬದಲಾದದ್ದು ಏನೂ ಇಲ್ಲ.