ಹಂಚಿನ ಮೇಲೆ 390 ಕ್ಯಾಲೊರಿಯ ಪಿಜ್ಜಾ: ಲೆಕ್ಕ, ವಿಧಾನ, ಎಡವುವ ಜಾಗಗಳು

ಪಿಜ್ಜಾ ತಿನ್ನಬೇಕು ಅನಿಸಿದಾಗ ನಾಲಿಗೆ ಕೇಳುವುದು ನಾಲ್ಕೇ ಸಂಗತಿ: ಹೊಗೆಯಾಡುವ ಬಿಸಿ, ಎಳೆ ಎಳೆಯಾಗಿ ಬರುವ ಚೀಸ್, ಹುಳಿ ಉಪ್ಪು ಹದವಾಗಿ ಕೂಡಿದ ಟೊಮ್ಯಾಟೊ, ಕೆಂಪಗೆ ಬೆಂದ ಹಿಟ್ಟಿನ ಘಮ. ಇವು ಯಾವುದಕ್ಕೂ ಹೆಚ್ಚು ಗ್ರಾಂ ಬೇಕಿಲ್ಲ. ಕ್ಯಾಲೊರಿ ಏರುವುದು ದಪ್ಪ ಬೇಸಿನಿಂದ, ತೂಗದೆ ಉದುರಿಸಿದ ಚೀಸಿನಿಂದ, ಹಿಟ್ಟಿಗೊಮ್ಮೆ ಹಂಚಿಗೊಮ್ಮೆ ಸುರಿದ ಎಣ್ಣೆಯಿಂದ, ಪಕ್ಕದಲ್ಲಿಟ್ಟುಕೊಂಡ ಮಯೊನೀಸ್ ಮತ್ತು ಕೋಲಾದಿಂದ. ಆದ್ದರಿಂದ ನಾಲಿಗೆಗೆ ಮೊದಲು ತಾಗುವುದನ್ನು ಉಳಿಸಿಕೊಂಡು, ಕಾಣದಂತೆ ಒಳಗೆ ಸೇರುವುದನ್ನು ಕಡಿಮೆ ಮಾಡಬೇಕು. ಮುಂದಿನ ಪ್ರತಿ ಅಳತೆಯೂ ಇದೇ ಲೆಕ್ಕದ ಮೇಲೆ ನಿಂತಿದೆ.

ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೆಣ್ಣೆ ದೋಸೆಯ ಬೆಣ್ಣೆಯನ್ನು ಮೇಲೆ ಹಾಕಿದಾಗ ಅದು ಕಾದ ಹಂಚಿಗಿಳಿದು ಘಮ್ಮೆನ್ನುತ್ತದೆ, ಮೊದಲ ತುತ್ತಿನಲ್ಲೇ ಸಿಗುತ್ತದೆ. ಅದೇ 10 ಗ್ರಾಂ ಬೆಣ್ಣೆಯನ್ನು ಹಿಟ್ಟಿಗೆ ಕಲಸಿದ್ದರೆ ಅದೇ 72 ಕ್ಯಾಲೊರಿ, ರುಚಿ ಮಾತ್ರ ಅರ್ಧ. ಪಿಜ್ಜಾದಲ್ಲೂ ಹಾಗೆಯೇ. ಕೊಬ್ಬು ಹೆಚ್ಚಾಗಿ ಇರಬೇಕಾದದ್ದು ಮೇಲೆ, ಹಿಟ್ಟಿನೊಳಗೆ ತೀರಾ ಕಡಿಮೆ.

ಮೊದಲು ಲೆಕ್ಕ

ಬಾಯಿಮಾತಿನಲ್ಲಿ ನಾವು ಕ್ಯಾಲೊರಿ ಅನ್ನುವುದು ನಿಜವಾಗಿ ಕಿಲೊಕ್ಯಾಲೊರಿ. ಮುಂದೆ ಬರಿ ಅಂಕಿ ಕೊಟ್ಟಲ್ಲೆಲ್ಲ ಅದನ್ನೇ ಓದಿಕೊಳ್ಳಿ. ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆಯಲ್ಲಿ, ಕೂತು ಕೆಲಸ ಮಾಡುವ 55 ಕೆ.ಜಿ.ಯ ಹೆಂಗಸಿಗೆ ದಿನಕ್ಕೆ 1660, 65 ಕೆ.ಜಿ.ಯ ಗಂಡಸಿಗೆ 2110 ಕಿಲೊಕ್ಯಾಲೊರಿ ಬೇಕು. ಅಂದರೆ ಒಂದು ಊಟಕ್ಕೆ 450ರಿಂದ 550 ಇಟ್ಟುಕೊಂಡರೆ ಪಿಜ್ಜಾಕ್ಕೂ ಪಕ್ಕದ ಕೋಸಂಬರಿಗೂ ಜಾಗವಿದೆ. ಪಿಜ್ಜಾ ಊಟದ ಬದಲಿಗೆ ಬರಬೇಕು, ಊಟದ ಮೇಲೆ ಅಲ್ಲ.

ಒಬ್ಬರ ಪಿಜ್ಜಾಕ್ಕೆ ಹಿಟ್ಟು 60 ಗ್ರಾಂ, ಸುಮಾರು 205. ಎಣ್ಣೆ ಎಲ್ಲ ಸೇರಿ ಒಂದು ಟೀ ಚಮಚ, 40. ಟೊಮ್ಯಾಟೊ ಸಾಸ್ 50 ಗ್ರಾಂ, 20. ಚೀಸ್ 30 ಗ್ರಾಂ, 90 ಹತ್ತಿರ. ಈರುಳ್ಳಿ, ಕ್ಯಾಪ್ಸಿಕಂ, ಅಣಬೆ, ಸ್ವಲ್ಪ ಸ್ವೀಟ್ ಕಾರ್ನ್ ಸೇರಿ 80 ಗ್ರಾಂ, 35. ಒಟ್ಟು 390.

ಇದೇ ಪಿಜ್ಜಾ ಅಳತೆಯಿಲ್ಲದೆ ಮಾಡಿದರೆ ಎಲ್ಲಿಗೆ ಹೋಗುತ್ತದೆ ನೋಡಿ. ಕೈಗೆ ಬಂದಷ್ಟು ಚೀಸ್ ಉದುರಿಸಿದರೆ 80 ಗ್ರಾಂ ಸಲೀಸಾಗಿ ದಾಟುತ್ತದೆ, ಅಲ್ಲೇ 230. ಎಣ್ಣೆ ಮೂರು ಟೀ ಚಮಚ ಆದರೆ 120. ಹಿಟ್ಟು 100 ಗ್ರಾಂ ಆದರೆ 345. ಸಾಸ್, ತರಕಾರಿ ಸೇರಿಸಿದರೆ 750. ತಟ್ಟೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದಕ್ಕೇ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಕಲಿಯುವವರು ಪದೇ ಪದೇ ಮಾಡುವ ತಪ್ಪು ಒಂದಿದೆ. 100 ಗ್ರಾಂ ಹಿಟ್ಟಿನ 345ನ್ನು 100 ಗ್ರಾಂ ಬೆಂದ ಬೇಸಿಗೂ ಹಾಕಿಬಿಡುವುದು. ಬೆಂದ ಬೇಸಿನಲ್ಲಿ ನೀರಿರುತ್ತದೆ, ಬ್ರೆಡ್ಡಿನ ಹಾಗೆ 100 ಗ್ರಾಂಗೆ 265ರ ಆಸುಪಾಸು. ಬೇಕರಿಯಿಂದ ತಂದ ಬೇಸನ್ನು ತೂಗಿ ಈ ಲೆಕ್ಕ ಹಾಕಿ, ಮನೆಯ ಹಿಟ್ಟನ್ನು ಕಲಸುವ ಮೊದಲೇ ತೂಗಿ.

ಹಿಟ್ಟು

ನಾಲ್ಕು ಪಿಜ್ಜಾದ ಹಿಟ್ಟನ್ನು ಒಟ್ಟಿಗೆ ಕಲಸಿ. ಒಂದಕ್ಕೆ ಬೇಕಾದ ಅರ್ಧ ಗ್ರಾಂ ಈಸ್ಟನ್ನು ಮನೆಯಲ್ಲಿ ಅಳೆಯಲು ಬರುವುದಿಲ್ಲ. ಗೋಧಿ ಹಿಟ್ಟು 160 ಗ್ರಾಂ, ಮೈದಾ 80 ಗ್ರಾಂ, ನೀರು 155ರಿಂದ 165 ಮಿ.ಲೀ., ಉಪ್ಪು 4 ಗ್ರಾಂ, ಇನ್‌ಸ್ಟಂಟ್ ಈಸ್ಟ್ ಮುಕ್ಕಾಲು ಟೀ ಚಮಚ, ಎಣ್ಣೆ ಎರಡು ಟೀ ಚಮಚ. ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಪ್ಯಾಕೆಟ್ ಹಿಟ್ಟಿಗಿಂತ ತರಿಯಾಗಿದ್ದರೆ ನೀರು ಹೀರಲು ಹೊತ್ತು ತೆಗೆದುಕೊಳ್ಳುತ್ತದೆ. ಕಲಸಿ 20 ನಿಮಿಷ ಮುಚ್ಚಿಟ್ಟು, ಆಮೇಲೆ 8 ನಿಮಿಷ ನಾದಿ.

ಮೈದಾ ಪೂರ್ತಿ ಬಿಟ್ಟರೆ ಏನಾಗುತ್ತದೆ? ಗೋಧಿಯ ಹೊಟ್ಟಿನ ಚೂರುಗಳು ಹಿಟ್ಟಿಗೆ ಜಿಗುಟು ಕೊಡುವ ಗ್ಲುಟನ್ ಎಳೆಗಳನ್ನು ಅಲ್ಲಲ್ಲಿ ತುಂಡರಿಸುತ್ತವೆ, ಗಾಳಿ ನಿಲ್ಲುವುದಿಲ್ಲ, ಕೊನೆಗೆ ಕೈಗೆ ಬರುವುದು ದಪ್ಪ ಚಪಾತಿ. ತಿಂದವರಿಗೆ ಪಿಜ್ಜಾ ತಿಂದ ಸಮಾಧಾನ ಆಗುವುದಿಲ್ಲ, ಅರ್ಧ ಗಂಟೆಗೆ ಇನ್ನೇನೋ ಹುಡುಕುತ್ತಾರೆ. ಮೂರರಲ್ಲಿ ಒಂದು ಪಾಲು ಮೈದಾ ಆ ಸಮಾಧಾನಕ್ಕಾಗಿ.

ನಮ್ಮ ಹವೆಯಲ್ಲಿ ಗಡಿಯಾರ ನೋಡಿ ಹಿಟ್ಟು ಹುಬ್ಬಿಸುವ ಹಾಗಿಲ್ಲ. ಏಪ್ರಿಲ್‌ನ ದಾವಣಗೆರೆ ಮಧ್ಯಾಹ್ನದಲ್ಲಿ ಮುಕ್ಕಾಲು ಗಂಟೆಗೇ ಎರಡರಷ್ಟಾಗುತ್ತದೆ, ಡಿಸೆಂಬರ್ ಸಂಜೆಗೆ ಎರಡು ಗಂಟೆ ಬೇಕು. ಬೇಸಿಗೆಯಲ್ಲಿ ಮಡಕೆಯ ನೀರು ಬಳಸಿ, ಚಳಿಗಾಲದಲ್ಲಿ ಉಗುರುಬೆಚ್ಚಗಿನದು. ಬೆರಳಿಗೆ ಸುಡುವ ನೀರು ಬೇಡ, 55ರಿಂದ 60 ಡಿಗ್ರಿಗೆ ಈಸ್ಟ್ ಸಾಯುತ್ತದೆ. ಹಿಟ್ಟಿಗೆ ಬೆರಳೊತ್ತಿದರೆ ಗುಳಿ ನಿಧಾನವಾಗಿ ಅರ್ಧ ತುಂಬಬೇಕು. ಪಟ್ಟನೆ ತುಂಬಿದರೆ ಇನ್ನೂ ಹೊತ್ತು ಬೇಕು. ತುಂಬದೆ ಕುಸಿದು ಕಟು ಹುಳಿ ವಾಸನೆ ಬಂದರೆ ಮೀರಿಹೋಗಿದೆ, ಅಂಥ ಹಿಟ್ಟು ಹಂಚಿನ ಮೇಲೆ ಕೆಂಪಾಗುವುದೂ ಕಷ್ಟ. ಈಸ್ಟ್ ಅದರ ಸಕ್ಕರೆಯನ್ನು ತಿಂದು ಮುಗಿಸಿರುತ್ತದೆ.

ಹುಬ್ಬಿದ ಮೇಲೆ ತೂಗಿ ನಾಲ್ಕು ಉಂಡೆ ಮಾಡಿ, ಒಂದೊಂದೂ 100 ಗ್ರಾಂ. ಒಂದನ್ನು ಈಗ ಬಳಸಿ, ಮೂರನ್ನು ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ, ಎರಡು ದಿನ ಚೆನ್ನಾಗಿರುತ್ತವೆ. ಬೇರೆ ಬೇರೆ ಡಬ್ಬಿ ಅಂದದ್ದು ಸುಮ್ಮನೆ ಅಲ್ಲ. ಒಟ್ಟಿಗೆ ಇಟ್ಟ ಹಿಟ್ಟನ್ನು ಹಸಿದ ಹೊತ್ತಿನಲ್ಲಿ ಯಾರೂ 100 ಗ್ರಾಂಗೆ ಮುರಿಯುವುದಿಲ್ಲ.

ರಾಗಿ ಬೆರೆಸಿದರೆ ಕ್ಯಾಲೊರಿ ಇಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. 100 ಗ್ರಾಂ ರಾಗಿಗೆ 320, ಮೈದಾಕ್ಕೆ 350. 60 ಗ್ರಾಂನಲ್ಲಿ ವ್ಯತ್ಯಾಸ 18 ಮಾತ್ರ. ರಾಗಿಯ ನಾರು, ಕ್ಯಾಲ್ಸಿಯಂ ಬೇಕೆಂದು ಹಾಕಿ, ಕ್ಯಾಲೊರಿ ಉಳಿಯುತ್ತದೆಂದು ಹಾಕಬೇಡಿ. ಎಣ್ಣೆಯ ಮಾತೂ ಅಷ್ಟೇ. ಆಲಿವ್ ಎಣ್ಣೆಯಾಗಲಿ, ಚಳ್ಳಕೆರೆಯ ಶೇಂಗಾ ಎಣ್ಣೆಯಾಗಲಿ, ಗ್ರಾಂಗೆ 9. ಹೂಕೋಸಿನ ಬೇಸ್ ಕೂಡ ಕಾಗದದ ಮೇಲೆ ಚಂದ. 200 ಗ್ರಾಂ ಹೂಕೋಸಿಗೆ 50 ಆದರೂ, ಅದು ಬಿರಿಯದೆ ನಿಲ್ಲಲು ಮೊಟ್ಟೆ 70, ಚೀಸ್ 40 ಗ್ರಾಂ 115 ಸೇರುತ್ತದೆ. ಹಿಟ್ಟಿನ ಬೇಸಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ, ರುಚಿಯಲ್ಲಿ ಮಾತ್ರ ಹಿಂದೆ.

ಚೀಸ್

ಇಲ್ಲಿ ಜಿಪುಣತನ ಬೇಡ, ಜಾಣತನ ಬೇಕು. 30 ಗ್ರಾಂನಲ್ಲಿ 20 ಮೊಜರೆಲ್ಲಾ ಇರಲಿ, 10 ಸಾಮಾನ್ಯ ಸಂಸ್ಕರಿತ ಚೀಸ್ ಇರಲಿ. ಮೊಜರೆಲ್ಲಾ ಎಳೆ ಕೊಡುತ್ತದೆ, ಆದರೆ ಸಪ್ಪೆ. ಸಂಸ್ಕರಿತ ಚೀಸಿನ ಉಪ್ಪು, ಚುರುಕಾದ ಹುಳಿ ಅದರ ಕೊರತೆ ತುಂಬುತ್ತದೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಸಣ್ಣ ತೂತಿನ ತುರಿಮಣೆಯಲ್ಲಿ ತುರಿಯಿರಿ. ದಪ್ಪ ತುರಿದ 30 ಗ್ರಾಂ ಅಲ್ಲಲ್ಲಿ ದ್ವೀಪದ ಹಾಗೆ ಕೂರುತ್ತದೆ, ಸಣ್ಣಗೆ ತುರಿದದ್ದು 20 ಸೆಂ.ಮೀ. ಅಗಲಕ್ಕೆ ಪೂರ್ತಿ ಹರಡುತ್ತದೆ. ಮಂಡಕ್ಕಿಯ ಲೆಕ್ಕ ನಮಗೆ ಹೊಸದೇ? 25 ಗ್ರಾಂ ಮಂಡಕ್ಕಿ ಬಟ್ಟಲು ತುಂಬುತ್ತದೆ, ಗಾಳಿಯೇ ಅದರ ಮೈ.

ಚೀಸ್ ಬದಲಿಗೆ ಪನೀರ್ ಹಾಕಿದರೆ ಆಸೆ ತೀರುವುದಿಲ್ಲ. ಮೊಜರೆಲ್ಲಾದಲ್ಲಿ ಕೇಸಿನ್ ಎಂಬ ಹಾಲಿನ ಪ್ರೋಟೀನಿನ ಎಳೆಗಳನ್ನು ಕ್ಯಾಲ್ಸಿಯಂ ಸಡಿಲವಾಗಿ ಹಿಡಿದಿರುತ್ತದೆ, ಬಿಸಿಗೆ ಅವು ಒಂದರ ಮೇಲೊಂದು ಜಾರುತ್ತವೆ. ಪನೀರನ್ನು ಕುದಿವ ಹಾಲಿಗೆ ಹುಳಿ ಹಿಂಡಿ ಒಡೆಸಿರುತ್ತಾರೆ. ಅಲ್ಲಿ ಕ್ಯಾಲ್ಸಿಯಂ ಕರಗಿ ನೀರಿನೊಡನೆ ಹೋಗಿರುತ್ತದೆ, ಹಾಲೊಡಕಿನ ಪ್ರೋಟೀನೂ ಬಿಸಿಗೆ ಗಟ್ಟಿಯಾಗಿ ಕೇಸಿನ್‌ಗೆ ಅಂಟಿಕೊಂಡಿರುತ್ತದೆ. ಎಷ್ಟು ಕಾಯಿಸಿದರೂ ಒಣಗುತ್ತದೆಯೇ ಹೊರತು ಕರಗುವುದಿಲ್ಲ. ಕ್ಯಾಲೊರಿಯೂ ಕಡಿಮೆಯಲ್ಲ, ಗಟ್ಟಿ ಹಾಲಿನ ಪನೀರ್ 100 ಗ್ರಾಂಗೆ 265ರ ಮೇಲೆ. ಪ್ರೋಟೀನ್‌ಗಾಗಿ ಬೇಕಿದ್ದರೆ 20 ಗ್ರಾಂ ಪುಡಿ ಮಾಡಿ ಚೀಸಿನ ಕೆಳಗೆ ಹಾಕಿ, ಲೆಕ್ಕಕ್ಕೆ 55 ಸೇರಿಸಿ. ಕೊಬ್ಬು ತೆಗೆದ ಚೀಸ್ ಒಂದನ್ನೇ ಹಾಕಿದರೆ ಮೇಲೆ ಚರ್ಮದಂಥ ಪದರ ಕಟ್ಟುತ್ತದೆ, ಏಕೆಂದರೆ ಮೇಲ್ಮೈ ಒಣಗದಂತೆ ಕಾಯಲು ಎಣ್ಣೆಯಂಶವೇ ಇರುವುದಿಲ್ಲ.

ಪ್ಯಾಕೆಟ್ ಕೊಳ್ಳುವಾಗ ಹಿಂಬದಿಯ ಘಟಕಗಳ ಪಟ್ಟಿ ಓದಿ. ಹಾಲಿನ ಬದಲು ತಾಳೆ ಎಣ್ಣೆಯೋ ಇನ್ನಾವುದೋ ಸಸ್ಯಜನ್ಯ ಕೊಬ್ಬೋ ಮುಂದಿದ್ದರೆ ಅದು ಚೀಸಿನಂತೆ ಕಾಣುವ ಪದಾರ್ಥ.

ಸಾಸ್

ಹಣ್ಣಾದ ಟೊಮ್ಯಾಟೊ 200 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಉಪ್ಪು ಎರಡು ಚಿಟಿಕೆ, ಎಣ್ಣೆ ಇಲ್ಲ. ಕಾಯಿಸಿ 100 ಗ್ರಾಂಗೆ ಇಳಿಸಿದರೆ ಎರಡು ಪಿಜ್ಜಾಕ್ಕೆ ಆಗುತ್ತದೆ. ಬೀಜದ ಲೋಳೆ ತೆಗೆದು ಚೆಲ್ಲಬೇಡಿ. ಟೊಮ್ಯಾಟೊದ ಗ್ಲುಟಮೇಟ್, ಅಂದರೆ ಬಾಯಲ್ಲಿ ನಿಲ್ಲುವ ಆ ರುಚಿ, ತಿರುಳಿಗಿಂತ ಲೋಳೆಯಲ್ಲೇ ಹೆಚ್ಚು. ಜವಾರಿ ಟೊಮ್ಯಾಟೊ ಹುಳಿ ಜಾಸ್ತಿ, ನೀರೂ ಜಾಸ್ತಿ. ಐದು ನಿಮಿಷ ಹೆಚ್ಚು ಕುದಿಸಿದರೆ ಅದರ ಸಾಸ್ ಹೈಬ್ರಿಡ್ ಹಣ್ಣಿನದಕ್ಕಿಂತ ಚೆನ್ನ. ಬಾಟಲಿ ಕೆಚಪ್‌ನಲ್ಲಿ ಕಾಲು ಪಾಲಿನಷ್ಟು ಸಕ್ಕರೆ ಇರುವುದರಿಂದ ಅದನ್ನು ಬೇಸಿಗೆ ಸವರಬೇಡಿ.

ಓರೆಗಾನೊ ಪೊಟ್ಟಣ ಮುಗಿದಿದ್ದರೆ ಹಿತ್ತಲಿಗೆ ಹೋಗಿ. ದೊಡ್ಡಪತ್ರೆ ಎಲೆಯಲ್ಲೂ ಓರೆಗಾನೊದಲ್ಲೂ ಘಮ ಕೊಡುವುದು ಕಾರ್ವಕ್ರಾಲ್ ಎಂಬ ಒಂದೇ ಎಣ್ಣೆಯಂಶ. ಎರಡು ಎಲೆ ಸಣ್ಣಗೆ ಹೆಚ್ಚಿ, ಒಲೆ ಆರಿಸಿದ ಮೇಲೆ ಸಾಸಿಗೆ ಹಾಕಿ. ಮೂರನೆಯ ಎಲೆ ಹಾಕಿದರೆ ಕಷಾಯದ ನೆನಪಾಗುತ್ತದೆ.

ಹಂಚಿನ ಮೇಲೆ

ನೇಪಲ್ಸಿನ ಒಲೆ 430ರಿಂದ 485 ಡಿಗ್ರಿ ಕಾದಿರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿಗೆ ಬೇಯುತ್ತದೆ. ಮನೆಯ ಹಂಚಿಗೆ ಕೆಳಗಿನ ಬಿಸಿ ಮಾತ್ರ. ಅದಕ್ಕೇ ಉಂಡೆಯನ್ನು ಲಟ್ಟಣಿಗೆಯಲ್ಲಿ 20 ಸೆಂ.ಮೀ. ಅಗಲಕ್ಕೆ, 3 ಮಿ.ಮೀ.ಗೂ ಕಡಿಮೆ ದಪ್ಪಕ್ಕೆ ಲಟ್ಟಿಸಿ, ಪೂರಿಯಂತೆ ಉಬ್ಬದಿರಲು ಫೋರ್ಕಿನಿಂದ ಚುಚ್ಚಬೇಕು.

ಕಬ್ಬಿಣದ ಹಂಚು ಕಾದ ಮೇಲೆ ಎಣ್ಣೆಯಿಲ್ಲದೆ ಒಂದು ಬದಿ ಒಂದೂವರೆ ನಿಮಿಷ ಮಧ್ಯಮ ಉರಿಯಲ್ಲಿ ಬೇಯಿಸಿ ತೆಗೆಯಿರಿ. ಹಂಚಿಗೆ ಉಳಿದ ಅರ್ಧ ಟೀ ಚಮಚ ಎಣ್ಣೆ ಸವರಿ, ಬೇಯದ ಬದಿ ಕೆಳಗಾಗುವಂತೆ ಇಡಿ. ಬೆಂದ ಬದಿಯ ಮೇಲೆ ಮೊದಲು ಚೀಸಿನ ಒಂದು ಚಿಟಿಕೆ ತುರಿ, ಆಮೇಲೆ ಸಾಸ್, ತರಕಾರಿ, ಉಳಿದ ಚೀಸ್. ಕೆಳಗಿನ ಆ ಚಿಟಿಕೆ ಚೀಸ್ ಕರಗಿ ಸಾಸಿನ ನೀರು ಬೇಸಿಗೆ ಇಳಿಯದಂತೆ ತಡೆಯುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ. ತಳ ಕೆಂಪಾಗಿ ಚೀಸ್ ಇನ್ನೂ ಕರಗದಿದ್ದರೆ ಹಂಚಿನ ಅಂಚಿಗೆ ಒಂದು ಟೀ ಚಮಚ ನೀರು ಚಿಮುಕಿಸಿ ತಟ್ಟನೆ ಮುಚ್ಚಿ. ಚುಂಯ್ ಎಂದೇಳುವ ಹಬೆ ಅರ್ಧ ನಿಮಿಷದಲ್ಲಿ ಚೀಸನ್ನು ಕರಗಿಸುತ್ತದೆ. ಆಮೇಲೆ ಮುಚ್ಚಳ ತೆಗೆದು ಒಂದು ನಿಮಿಷ ಬಿಡಿ. ಮರೆತರೆ ಮುಚ್ಚಳದ ಬೆವರು ಮೇಲೆ ಬಿದ್ದು ಗರಿ ಹೋಗುತ್ತದೆ.

ತರಕಾರಿ ಹಸಿಯಾಗಿ ಹಾಕಿದರೆ ನೀರು ಬಿಡುತ್ತದೆ, ಅದರಲ್ಲೂ ಅಣಬೆ. ಅದೇ ಒಣ ಹಂಚಿನಲ್ಲಿ ಉಪ್ಪಿಲ್ಲದೆ ಜೋರು ಉರಿಗೆ ಎರಡು ನಿಮಿಷ ಬಾಡಿಸಿ ಹಾಕಿ. ಮೆಕ್ಕೆಜೋಳದ ಕಾಳು ಬೇಕಿದ್ದರೆ ಸ್ವೀಟ್ ಕಾರ್ನ್ ಅಥವಾ ಹಾಲುಗಾಳಿನ ಎಳೆ ತೆನೆ. ನಮ್ಮ ಎಪಿಎಂಸಿಗೆ ಬರುವ ಒಣ ಮೆಕ್ಕೆಜೋಳ ಇದಕ್ಕೆ ಆಗದು.

ಈಸ್ಟಿಗೆ ಹೊತ್ತಿಲ್ಲದ ದಿನ ಜೋಳದ ರೊಟ್ಟಿ ಸಾಕು. 50 ಗ್ರಾಂ ಹಿಟ್ಟಿನ ರೊಟ್ಟಿಗೆ 170, ಮೇಲಿನದೆಲ್ಲ ಸೇರಿ 315. ಮೆತ್ತನೆಯ ರೊಟ್ಟಿ ಬೇಡ, ಖಡಕ್ ರೊಟ್ಟಿಯೇ ಆಗಬೇಕು. ಸಾಸ್ 30 ಗ್ರಾಂಗೆ ಇಳಿಸಿ, ಮಾಡಿದ ಕೂಡಲೇ ತಿನ್ನಿ. ಹತ್ತು ನಿಮಿಷ ಬಿಟ್ಟರೆ ಎತ್ತಲು ಬರುವುದಿಲ್ಲ.

ಹೊರಗೆ ತಿನ್ನುವಾಗ, ಮತ್ತು ಮರುದಿನ

ಹತ್ತು ಅಥವಾ ಹೆಚ್ಚು ಮಳಿಗೆಗಳಿರುವ ಹೋಟೆಲ್ ಸರಣಿಗಳು ಪ್ರತಿ ತಿನಿಸಿನ ಕಿಲೊಕ್ಯಾಲೊರಿಯನ್ನು ಮೆನುವಿನಲ್ಲಿ ತೋರಿಸಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಹೇಳುತ್ತದೆ. ಆ ಅಂಕಿ ಒಂದು ತುಂಡಿನದೋ ಇಡೀ ಪಿಜ್ಜಾದ್ದೋ ನೋಡಿಕೊಳ್ಳಿ. ತೆಳು ಬೇಸ್ ಕೇಳಿ, ಎರಡು ತುಂಡು ತಟ್ಟೆಗೆ ಹಾಕಿಕೊಂಡು ಡಬ್ಬಿ ಮುಚ್ಚಿ. ಒಂದು ಊಟದ ಚಮಚ ಮಯೊನೀಸ್ 90ರಿಂದ 100, ಕಾಲು ಲೀಟರ್ ಕೋಲಾ 105. ಇವೆರಡನ್ನು ಬಿಟ್ಟರೆ ಉಳಿಯುವ 200ರಲ್ಲಿ ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ ಎರಡೂ ಬಂದು ಇನ್ನೂ ಮಿಗುತ್ತದೆ. ಕೋಸಂಬರಿಯನ್ನು ಮೊದಲು ತಿನ್ನಿ.

ಪಿಜ್ಜಾ ತಿಂದ ಮರುದಿನ ತೂಕ ಒಂದು ಕಿಲೋ ಏರಿದ್ದು ಕಂಡು ಉಪವಾಸಕ್ಕಿಳಿಯುವವರು ಬಹಳ ಮಂದಿ. ಒಂದು ಕಿಲೋ ಮೈಕೊಬ್ಬಿಗೆ ಹೆಚ್ಚುಕಡಿಮೆ 7700 ಕಿಲೊಕ್ಯಾಲೊರಿ ಮಿಗಬೇಕು, ಒಂದು ರಾತ್ರಿಯ ಪಿಜ್ಜಾಕ್ಕೆ ಅದು ಆಗದ ಮಾತು. ಚೀಸಿನ ಉಪ್ಪು ನೀರನ್ನು ಹಿಡಿದಿಡುತ್ತದೆ. ಹಿಟ್ಟಿನ ಪಿಷ್ಟ ಗ್ಲೈಕೋಜನ್ ಆಗಿ, ಅಂದರೆ ಮೈಯೊಳಗಿನ ದಾಸ್ತಾನಾಗಿ, ಸೇರುವಾಗ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಕಟ್ಟಿಕೊಳ್ಳುತ್ತದೆ. ಎಂದಿನ ಊಟ ಮಾಡಿ, ಮೂರು ದಿನ ಬಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ಆ ಅಂಕಿಯನ್ನು ಬರೆದಿಡಿ.