ಕ್ಯಾಬಿನ್ ದರ ಇಳಿಯುವುದು ಯಾವಾಗ?

ಕಾರವಾರದ ನನ್ನ ಟಿಕೆಟ್ ಕಚೇರಿಗೆ ಕ್ರೂಸ್ ಹಡಗಿನ ಪ್ರವಾಸ ಕೇಳಿಕೊಂಡು ಬರುವವರಲ್ಲಿ ಎರಡು ಬಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಘಟ್ಟ ಇಳಿದು ಬರುವವರು ಅಡಿಕೆಯ ಲೆಕ್ಕದಲ್ಲಿ ಯೋಚಿಸುತ್ತಾರೆ. ಕರಾವಳಿಯವರದು ಮೀನಿನ ಲೆಕ್ಕ. ಆದರೆ ಇಬ್ಬರೂ ಎದ್ದು ಹೊರಡುವಾಗ ಹೇಳುವ ಮಾತು ಒಂದೇ: "ಈಗಲೇ ಯಾಕೆ ಅವಸರ ಮಾರಾಯರೇ? ಕಾಯೋಣ, ದರ ಇಳಿಯುತ್ತದೆ."

ದರ ಇಳಿಯುವುದಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎಷ್ಟೋ ಸಲ ಇಳಿಯುತ್ತದೆ. ಅದು ಇಳಿಯುವ ಹೊತ್ತು ಮಾತ್ರ ನೀವು ಅಂದುಕೊಂಡ ಹೊತ್ತಲ್ಲ. ಇಳಿದಾಗಲೂ ಅದರ ಲಾಭ ಹೆಚ್ಚಾಗಿ ಹೋಗುವುದು ಮೊದಲೇ ಕ್ಯಾಬಿನ್, ಅಂದರೆ ಹಡಗಿನ ಕೋಣೆ, ಹಿಡಿದವರಿಗೆ. ಹಲವು ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ಎದುರು ಕುಳಿತವರು ತಲೆಯಾಡಿಸಿ ಹೋಗುತ್ತಾರೆ, ಮೂರು ತಿಂಗಳು ಬಿಟ್ಟು ಪೆಚ್ಚು ಮೋರೆ ಹಾಕಿಕೊಂಡು ಬರುತ್ತಾರೆ. ಆ ಮೋರೆ ನೋಡಿದಾಗ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಮೀನಿನ ಲೆಕ್ಕ ನನಗೂ ಗೊತ್ತು. ಬೈತಖೋಲ ಬಂದರಿನಿಂದ ಬೆಳಿಗ್ಗೆ ಬಂದ ಬಂಗಡೆಗೆ ಒಂದು ದರ, ಕತ್ತಲಾಗುವ ಹೊತ್ತಿಗೆ ಇನ್ನೊಂದು. ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಬಂದಷ್ಟಕ್ಕೆ ಕೊಟ್ಟು ಮನೆ ಸೇರುವುದೇ ಮೇಲು ಎಂದು ಮಾರುವವಳಿಗೂ ಅನ್ನಿಸುತ್ತದೆ. ಹಡಗು ಹೊರಟ ಮೇಲೆ ಖಾಲಿ ಕ್ಯಾಬಿನ್ನಿಗೂ ಬೆಲೆಯಿಲ್ಲ, ಹಾಗಾಗಿ ಕೊನೆಯ ವಾರದಲ್ಲಿ ಅದೂ ಅಗ್ಗವಾಗಲೇಬೇಕು ಎಂದು ನಮ್ಮವರು ವಾದಿಸುತ್ತಾರೆ. ಆದರೆ ಇವತ್ತು ಎಷ್ಟು ಗಿರಾಕಿಗಳು ಬರುತ್ತಾರೆ ಎಂಬುದು ಮೀನು ಮಾರುವವಳಿಗೆ ಬೆಳಿಗ್ಗೆ ಗೊತ್ತಿರುವುದಿಲ್ಲ. ಹಡಗಿನ ಕಂಪನಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ದೊಡ್ಡ ಕಂಪನಿಗಳು ಒಂದು ಯಾನದ ಮಾರಾಟವನ್ನು ಒಂದೂವರೆ, ಎರಡು ವರ್ಷ ಮೊದಲೇ ತೆರೆಯುತ್ತವೆ. ಇಂಥ ತಿಂಗಳ ಯಾನದಲ್ಲಿ ಇಷ್ಟು ದಿನ ಮೊದಲು ಇಷ್ಟು ಕ್ಯಾಬಿನ್ ತುಂಬಿರಬೇಕು ಎಂಬ ಹಿಂದಿನ ವರ್ಷಗಳ ಲೆಕ್ಕ ಅವರ ಮುಂದಿರುತ್ತದೆ. ಮಾರಾಟ ನಿಧಾನವಾದರೆ ಅವರು ಸಂಜೆಯವರೆಗೆ ಕಾಯುವುದಿಲ್ಲ, ಮಧ್ಯಾಹ್ನವೇ ದರ ಇಳಿಸಿ ಬುಟ್ಟಿ ಖಾಲಿ ಮಾಡಲು ನೋಡುತ್ತಾರೆ. ಚೆನ್ನಾಗಿ ತುಂಬುತ್ತಿದ್ದರೆ ಏರಿಸುತ್ತಾ ಹೋಗುತ್ತಾರೆ.

ಅಡಿಕೆಯವರ ಲೆಕ್ಕದ ತೊಡಕು ಬೇರೆ. ಚಾಲಿ ಒಣಗಿಸಿ ಅಟ್ಟಕ್ಕೆ ಹಾಕಿದರೆ ವರ್ಷವಿಡೀ ಇರುತ್ತದೆ, ದರ ನೋಡಿಕೊಂಡು ಬಿಡಬಹುದು. ಆದರೆ ಅಡಿಕೆಯಲ್ಲಿ ಕಾಯುವವರು ಮಾರುವವರು, ಮಾಲು ಅವರ ಕೈಯಲ್ಲೇ ಇರುತ್ತದೆ. ಕ್ರೂಸ್ ವಿಷಯದಲ್ಲಿ ಮಾಲು ಇರುವುದು ಕಂಪನಿಯ ಕೈಯಲ್ಲಿ. ನಾವು ಬರಿಗೈಯಲ್ಲಿ ಕಾಯುತ್ತಿರುತ್ತೇವೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕ್ಯಾಬಿನ್ ಹಿಡಿಯುವಾಗ ಮುಂಗಡ ಕೊಟ್ಟರೆ ಸಾಕು, ಉಳಿದ ಹಣ ಕಟ್ಟಲು ಒಂದು ಕೊನೆಯ ದಿನ ಇರುತ್ತದೆ. ಅನೇಕ ವಿದೇಶಿ ಕಂಪನಿಗಳಲ್ಲಿ ಅದು ಯಾನಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ. ಮೂರು ನಾಲ್ಕು ರಾತ್ರಿಯ ಯಾನಕ್ಕೆ ಸ್ವಲ್ಪ ತಡವಾಗಿ, ಉದ್ದದ ಯಾನಕ್ಕೆ ಬೇಗ. ಕ್ರೂಸ್ ದರದ ಪಂಚಾಂಗದಲ್ಲಿ ನೋಡಿಕೊಳ್ಳಬೇಕಾದ ಮುಹೂರ್ತ ಇದೊಂದೇ. ಅಡ್ಡಗೋಡೆಯ ಮೇಲೆ ಕುಳಿತಿದ್ದವರು ಹಣ ಕಟ್ಟದೆ ಬಿಟ್ಟುಹೋಗುವುದು ಈ ದಿನದ ಆಸುಪಾಸಿನಲ್ಲಿ. ಗುಂಪು ಪ್ರವಾಸದವರು ಹಿಡಿದಿಟ್ಟು ಮಾರಲಾಗದ ಕ್ಯಾಬಿನ್‌ಗಳು ಕಂಪನಿಗೆ ಹಿಂತಿರುಗುವುದೂ ಆಗಲೇ. ತನ್ನ ಬಳಿ ನಿಜಕ್ಕೂ ಎಷ್ಟು ಉಳಿದಿದೆ ಎಂಬುದು ಕಂಪನಿಗೆ ಆಗ ಸ್ಪಷ್ಟವಾಗುತ್ತದೆ, ದರ ಅತ್ತಿತ್ತ ಅಲುಗಾಡುತ್ತದೆ.

ಮುಂಗಡ ಹಿಂತಿರುಗಿಸುವ ಷರತ್ತಿನ ಕ್ಯಾಬಿನ್ ನಿಮ್ಮ ಹೆಸರಿನಲ್ಲಿದ್ದು, ಆ ದಿನದ ಒಳಗೆ ದರ ಇಳಿದರೆ, ಹೊಸ ದರಕ್ಕೆ ಬದಲಿಸಿಕೊಡಿ ಎಂದು ಕೇಳಬಹುದು. ಹಲವು ಕಂಪನಿಗಳು ಬದಲಿಸಿಕೊಡುತ್ತವೆ. ಒಪ್ಪದಿದ್ದರೆ ರದ್ದು ಮಾಡಿ ಮತ್ತೆ ಹಿಡಿಯುವ ದಾರಿ ಇದ್ದೇ ಇದೆ. ದರ ಏರಿದರೆ ನಿಮಗೆ ಅದರ ಬಿಸಿ ತಟ್ಟುವುದಿಲ್ಲ. ಇಳಿದರೂ ಏರಿದರೂ ನಷ್ಟವಿಲ್ಲದ ಜಾಗದಲ್ಲಿ ಕುಳಿತು ಕಾಯಬಹುದಾದಾಗ ಬಯಲಲ್ಲಿ ನಿಂತು ಏಕೆ ಕಾಯಬೇಕು? ಇದನ್ನು ಅರ್ಥ ಮಾಡಿಸಲು ನಾನು ಸೋತಿದ್ದೇನೆ. ಮುಂಗಡ ಕೊಟ್ಟರೆ ಕೈ ಕಟ್ಟಿಹಾಕಿದಂತೆ ಎಂದೇ ಎಲ್ಲರೂ ತಿಳಿದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮುಂಗಡ ಹಿಂತಿರುಗದ ದರವೂ ಇರುತ್ತದೆ, ನೋಡಲು ಅದೇ ಅಗ್ಗ. ಅದನ್ನು ಹಿಡಿದವರಿಗೆ ಮೇಲೆ ಹೇಳಿದ್ದು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಕೆಲವು ರಿಯಾಯಿತಿಗಳು ಹೊಸ ಬುಕಿಂಗಿಗೆ ಮಾತ್ರ. ನಡುವಿನ ಏಜೆಂಟರ ರದ್ದತಿ ಶುಲ್ಕ ಬೇರೆ ಇರಬಹುದು. ಮುಂಬೈಯಿಂದ ಹೊರಡುವ ಸಣ್ಣ ಯಾನಗಳ ನಿಯಮಗಳೇ ಬೇರೆ. ಹಣ ಕಟ್ಟುವ ಮೊದಲು ರದ್ದತಿ ಷರತ್ತನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನನ್ನ ಬಳಿ ಕಾಯ್ದಿರಿಸಿದರೂ ಕೇಳಿ. ಪೂರ್ಣ ಹಣ ಕಟ್ಟುವ ದಿನ ದಾಟಿದ ಮೇಲೆ ರದ್ದು ಮಾಡಿದರೆ ಕಡಿತ ಹಂತ ಹಂತವಾಗಿ ಏರಿ, ಕೊನೆಯ ದಿನಗಳಲ್ಲಿ ಪೂರ್ತಿ ಹಣವೇ ಹೋಗುತ್ತದೆ. ಆಮೇಲೆ ದರ ನೋಡುವುದನ್ನು ಬಿಟ್ಟು ಪೆಟ್ಟಿಗೆ ತುಂಬುವ ಕೆಲಸ ನೋಡಿ.

ಶಿರಸಿ ಬದಿಯ ಅಡಿಕೆ ಬೆಳೆಗಾರರೊಬ್ಬರು 2023ರ ನವೆಂಬರಿನಲ್ಲಿ ಬಂದಿದ್ದರು. ಮೇ ತಿಂಗಳ ರಜೆಗೆ ಸಿಂಗಪುರದಿಂದ ನಾಲ್ಕು ರಾತ್ರಿಯ ಯಾನ. ಮನೆಯಲ್ಲಿ ಏಳು ಜನ: ಅವರು, ಹೆಂಡತಿ, ಎಂಬತ್ತು ದಾಟಿದ ತಾಯಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ನಾಲ್ವರ ಕ್ಯಾಬಿನ್ ಒಂದು, ಮೂವರ ಕ್ಯಾಬಿನ್ ಒಂದು, ಅಕ್ಕಪಕ್ಕದಲ್ಲೇ ಖಾಲಿ ಇದ್ದವು. ಮುಂಗಡ ಕಟ್ಟಿ ಎಂದೆ. ಅವರು ದರ ನೋಡಿದರು, ಕ್ಯಾಲೆಂಡರ್ ನೋಡಿದರು. "ಜಾತ್ರೆ ಮುಗಿಯಲಿ, ಅಷ್ಟರಲ್ಲಿ ಇಳಿಯುತ್ತದೆ" ಎಂದರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ 2024ರ ಮಾರ್ಚಿನಲ್ಲಿತ್ತು. ಜಾತ್ರೆ ಮುಗಿದ ಮಾರನೆಯ ವಾರ ಫೋನ್ ಬಂತು.

ದರ ಇಳಿದಿತ್ತು. ಇಬ್ಬರ ಕ್ಯಾಬಿನ್ನಿನ ದರ ಇಳಿದಿತ್ತು. ಮೂವರ, ನಾಲ್ವರ ಕ್ಯಾಬಿನ್ ಒಂದೂ ಉಳಿದಿರಲಿಲ್ಲ.

ಇದು ಯಾಕೆ ಹೀಗೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಹಡಗಿನ ದರ ಎನ್ನುವುದು ಒಂದು ಇರುವುದಿಲ್ಲ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್, ಕಿಟಕಿಯದು, ಬಾಲ್ಕನಿಯದು, ಸೂಟ್ ಎಂದು ಬೇರೆ ಬೇರೆ ವರ್ಗಗಳಿದ್ದು, ಒಂದೊಂದರ ದರ ತನ್ನ ಪಾಡಿಗೆ ಏರಿಳಿಯುತ್ತದೆ. ಅದರಲ್ಲೂ ಮೂರನೆಯ, ನಾಲ್ಕನೆಯ ಬರ್ತ್ ಇರುವ ಕ್ಯಾಬಿನ್‌ಗಳು ಕಡಿಮೆ, ಶಾಲಾ ರಜೆಯ ಯಾನದಲ್ಲಿ ಅವು ಮೊದಲೇ ಮುಗಿಯುತ್ತವೆ. ಕ್ಯಾಬಿನ್ ಖಾಲಿ ಇದ್ದರೂ ಮೂರನೆಯವರನ್ನು ಸೇರಿಸಲು ಕಂಪನಿ ಒಪ್ಪದಿರುವುದುಂಟು. ಜೀವರಕ್ಷಕ ದೋಣಿ, ತೆಪ್ಪಗಳಲ್ಲಿ ಎಷ್ಟು ಜನರಿಗೆ ಜಾಗವಿದೆಯೋ ಅದಕ್ಕಿಂತ ಹೆಚ್ಚು ಜನರನ್ನು ಹಡಗು ಹತ್ತಿಸುವಂತಿಲ್ಲ. ತುರ್ತಿನಲ್ಲಿ ಸೇರಬೇಕಾದ ಒಂದೊಂದು ಠಾಣೆಗೂ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಮಕ್ಕಳಿರುವ ಕುಟುಂಬಗಳು ಹೆಚ್ಚಾದರೆ ಕ್ಯಾಬಿನ್ ಮುಗಿಯುವ ಮೊದಲೇ ಆ ಮಿತಿ ಮುಗಿಯುತ್ತದೆ.

ಹಣದ ಲೆಕ್ಕವನ್ನೂ ನೋಡಿ. ಈ ಅಂಕಿಗಳು ಯಾವುದೇ ಹಡಗಿನವಲ್ಲ, ಲೆಕ್ಕ ತೋರಿಸಲಿಕ್ಕಷ್ಟೇ ಹೇಳುತ್ತಿದ್ದೇನೆ. ತಲೆಗೆ 40,000 ರೂಪಾಯಿ ದರ ಎಂದುಕೊಳ್ಳಿ. ಅದು ಇಬ್ಬರು ಹಂಚಿಕೊಂಡಾಗ ಒಬ್ಬರಿಗೆ ಬೀಳುವ ದರ. ಅದೇ ಕ್ಯಾಬಿನ್ನಿನ ಮೂರನೆಯ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ, 20,000 ಎಂದಿಟ್ಟುಕೊಳ್ಳೋಣ. ನಾಲ್ವರು ಒಂದೇ ಕ್ಯಾಬಿನ್ನಿನಲ್ಲಿದ್ದರೆ 1,20,000. ಈಗ ಕಾದು ಕುಳಿತು ಶೇಕಡಾ 20ರಷ್ಟು ಇಳಿಯಿತು, ತಲೆಗೆ 32,000 ಆಯಿತು. ನಾಲ್ವರ ಕ್ಯಾಬಿನ್ ಸಿಗದೆ ಎರಡು ಹಿಡಿದರೆ 1,28,000. ದರ ಇಳಿದ ಮೇಲೂ 8,000 ಹೆಚ್ಚು, ಮಕ್ಕಳು ಒಂದು ಕಡೆ, ತಾಯಿ ಇನ್ನೊಂದು ಕಡೆ. ಈ ಲೆಕ್ಕವನ್ನು ನನ್ನ ಮೇಜಿನ ಮೇಲೆ ಹಾಳೆಯಲ್ಲಿ ಬರೆದು ತೋರಿಸುತ್ತೇನೆ. ಕೆಲವರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗಿ, ಆಮೇಲೂ ಕಾಯುತ್ತಾರೆ.

ಬೆಳೆಗಾರರ ಮನೆಯವರು ಕೊನೆಗೆ ನಾಲ್ಕು ಕ್ಯಾಬಿನ್ ಹಿಡಿದು ಹೋದರು. ಮಗ ಒಬ್ಬನೇ ಒಂದರಲ್ಲಿ, ಅದಕ್ಕೆ ಹೆಚ್ಚುಕಡಿಮೆ ಇಬ್ಬರ ಹಣ. ಅಜ್ಜಿ ಮೊಮ್ಮಗಳೊಡನೆ ಎರಡು ಅಂತಸ್ತು ಮೇಲೆ. ವಿಮಾನದ ದರವೂ ಅಷ್ಟರಲ್ಲಿ ಏರಿತ್ತು.

ಕೊನೆಯ ಗಳಿಗೆಯ ದರ ಯಾರಿಗೂ ಸಿಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರವಾರದ ನಿವೃತ್ತ ದಂಪತಿಯೊಬ್ಬರು ಚಳಿಗಾಲದಲ್ಲಿ ಮುಂಬೈಯ ಮಗಳ ಮನೆಯಲ್ಲಿರುತ್ತಾರೆ. ವಾರದ ನಡುವಿನ ಯಾನಕ್ಕೆ ನಾಲ್ಕು ದಿನ ಮೊದಲು ಅವರಿಗೆ ಒಳ್ಳೆಯ ದರಕ್ಕೆ ಕ್ಯಾಬಿನ್ ಕೊಡಿಸಿದೆ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಯಾನ ಶುರುಮಾಡಿ, ಈಗ ಎಂಪ್ರೆಸ್ ಎಂಬ ಹೆಸರಿನಲ್ಲಿ 2021ರಿಂದ ಕಾರ್ಡೀಲಿಯಾ ಕ್ರೂಸ್ ಕಂಪನಿಯವರು ಓಡಿಸುತ್ತಿರುವ ಹಡಗು ಅದು. ಇಬ್ಬರೇ ಇದ್ದರು, ರಜೆ ಕೇಳಬೇಕಾಗಿರಲಿಲ್ಲ, ವೀಸಾ ಬೇಕಾಗಿರಲಿಲ್ಲ, ಯಾವ ಕ್ಯಾಬಿನ್ ಕೊಟ್ಟರೂ ಆಗುತ್ತಿತ್ತು, ಟ್ಯಾಕ್ಸಿಯಲ್ಲಿ ಬಂದರಿಗೆ ಹೋದರು. ಇವಿಷ್ಟೂ ಒಟ್ಟಿಗೆ ಇರುವವರು ಕಾಯಲಿ, ನನ್ನ ತಕರಾರಿಲ್ಲ. ಕಾರವಾರದಲ್ಲೇ ಕುಳಿತವರಿಗೆ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್ಟೇ 60 ದಿನ ಮೊದಲು ತೆರೆದು ಬೇಗ ತುಂಬಿಬಿಡುತ್ತದೆ. ನಾಲ್ಕು ದಿನ ಇರುವಾಗ ಕ್ಯಾಬಿನ್ ಅಗ್ಗವಾಗಿ ಸಿಕ್ಕರೂ ಬಂದರು ಮುಟ್ಟುವುದು ಹೇಗೆ?

ಯುರೋಪಿನ ಯಾನವಾದರೆ ಮಾತೇ ಬೇಡ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಬೆರಳಚ್ಚು ಕೊಡಲು ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರಬೇಕು, ಅದಕ್ಕೂ ಮೊದಲು ದಿನ ಗೊತ್ತಾಗಬೇಕು. ಹಡಗು ನಡುವೆ ಆ ವೀಸಾದ ಹೊರಗಿನ ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬಂದರೆ ಒಂದೇ ಪ್ರವೇಶದ ವೀಸಾ ಸಾಲದು.

ಒಬ್ಬರೇ ಹೋಗುವವರ ವಿಷಯ ಬಂದಾಗಲೆಲ್ಲ ಅಂಕೋಲೆಯ ನಿವೃತ್ತ ಅಕ್ಕೋರೊಬ್ಬರು (ಶಾಲೆಯ ಶಿಕ್ಷಕಿ) ನೆನಪಾಗುತ್ತಾರೆ. ಗಂಡ ತೀರಿಕೊಂಡ ಮೇಲೆ ಹಡಗಿನಲ್ಲಿ ಒಮ್ಮೆ ಹೋಗಬೇಕೆಂಬ ಆಸೆ ಅವರಿಗೆ. ಒಬ್ಬರಿಗೆ ಯಾಕೆ ಇಬ್ಬರ ಹಣ ಎಂದು ಕೇಳಿದರು. ಸಂಕೋಚದಿಂದಲೇ ಕಾರಣ ಹೇಳಿದೆ: ಕಂಪನಿ ಮಾರುವುದು ಕೋಣೆಯನ್ನು, ಹಾಸಿಗೆಯನ್ನಲ್ಲ. ಒಬ್ಬರಿಗೆಂದೇ ಕಟ್ಟಿದ ಕ್ಯಾಬಿನ್ ಕೆಲವೇ ಹಡಗುಗಳಲ್ಲಿರುತ್ತದೆ, ಬೇಗ ಮುಗಿಯುತ್ತದೆ. ಅವರಿಗೆ ಕೊನೆಗೆ ಹೊಂದಿದ್ದು ಜೊತೆಗಾರ್ತಿ. ಅವರದೇ ಶಾಲೆಯ ಇನ್ನೊಬ್ಬ ಅಕ್ಕೋರು.

ಜಾಹೀರಾತಿನ ದರದ ಬಗ್ಗೆಯೂ ಎರಡು ಮಾತು. ಜನವರಿಯಿಂದ ಮಾರ್ಚಿನವರೆಗೆ ಕಂಪನಿಗಳು ಆಫರುಗಳ ಸುರಿಮಳೆ ಸುರಿಸುತ್ತವೆ. ಶೇಕಡಾ 40 ರಿಯಾಯಿತಿ ಎಂದು ದೊಡ್ಡದಾಗಿ ಬರೆದಿರುತ್ತದೆ, ಅದು ಮೂಲ ದರಕ್ಕೆ ಮಾತ್ರ. ಬಂದರು ಶುಲ್ಕ, ತೆರಿಗೆ, ದಿನಕ್ಕೆ ತಲೆಗೆ ಇಷ್ಟೆಂದು ಹಾಕುವ ಸಿಬ್ಬಂದಿಯ ಟಿಪ್ಸ್, ಇವು ಇಳಿಯುವುದಿಲ್ಲ. ವಿದೇಶಿ ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲು ಮಾಡುವ ತೆರಿಗೆ, ಬೇರೆ ಕಟ್ಟಬೇಕು, ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ದರ ಡಾಲರಿನಲ್ಲಿದ್ದರೆ, ನೀವು ಕಾಯುವ ತಿಂಗಳುಗಳಲ್ಲಿ ರೂಪಾಯಿ ಜಾರಿ ಇಳಿದಷ್ಟನ್ನೂ ನುಂಗಿಬಿಡಬಹುದು. ಎಲ್ಲ ಸೇರಿ ಮನೆಯವರಿಗೆಲ್ಲ ಎಷ್ಟು ಎಂಬ ಒಂದೇ ಮೊತ್ತ ಕೇಳಿ, ಎರಡು ಕಡೆಯ ಮೊತ್ತವನ್ನು ಹೋಲಿಸಿ.

ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಆಮೇಲೆ ಆರಿಸಿ ಕೊಡುವ ಅಗ್ಗದ ದರವೂ ಒಂದಿದೆ. ಗಟ್ಟಿಮುಟ್ಟಾದವರಿಗೆ ಅದು ಚೆನ್ನಾಗಿದೆ. ತಲೆಸುತ್ತು ಬರುವವರಿಗೆ, ಮಂಡಿ ನೋವಿನವರಿಗೆ ನಾನು ಅದನ್ನು ಕೊಡುವುದಿಲ್ಲ. ಅವರಿಗೆ ಕೆಳಗಿನ ಅಂತಸ್ತಿನ, ಹಡಗಿನ ನಡುಭಾಗದ, ಲಿಫ್ಟಿಗೆ ಹತ್ತಿರದ ಕ್ಯಾಬಿನ್ ಬೇಕು. ಅಲ್ಲಿ ಓಲಾಟ ಕಡಿಮೆ.

ಕಳೆದ ಬೇಸಿಗೆಯಲ್ಲಿ ಶಿರಸಿಗೆ ಹೋದಾಗ ಬೆಳೆಗಾರರ ಮನೆಗೂ ಹೋಗಿದ್ದೆ. ಅಜ್ಜಿ ಜಗಲಿಯಲ್ಲಿ ಕವಳದ ಸಂಚಿ ಬಿಚ್ಚಿಕೊಂಡು ಕುಳಿತಿದ್ದರು. ಹಡಗು ಹೇಗಿತ್ತು ಎಂದು ಕೇಳಿದೆ. ಎಲೆಗೆ ಸುಣ್ಣ ಸವರುತ್ತಲೇ ಹೇಳಿದರು: "ಸಮುದ್ರ ಚಲೋ ಇತ್ತು. ಎರಡನೆಯ ದಿನ ಆ ಲಿಫ್ಟಿನಲ್ಲಿ ದಾರಿ ತಪ್ಪಿತು ನೋಡು, ಮತ್ತೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಹುಡುಗರು ಊಟ ಅಲ್ಲಿಗೇ ತಂದುಕೊಟ್ಟರು. ಇನ್ನೊಂದು ಸಲ ಹೋದರೆ ಅವರ ಪಕ್ಕದ ಕೋಣೆ ಕೊಡಿಸು ತಮ್ಮಾ."

ಅಜ್ಜಿಯ ಮಗ, ಅಂದರೆ ಬೆಳೆಗಾರರು, ಆ ಮಾತನ್ನು ಕೇಳುತ್ತಾ ಕಂಬಕ್ಕೆ ಒರಗಿ ನಿಂತಿದ್ದರು. ಜೂನ್ ಮೊದಲ ವಾರ, ಮಳೆ ಹಿಡಿಯುವ ಹೊತ್ತಿಗೆ, ಕಾರವಾರಕ್ಕೆ ಬಂದು ಮುಂದಿನ ಮೇ ತಿಂಗಳ ಯಾನಕ್ಕೆ ಮುಂಗಡ ಕಟ್ಟಿದರು. ನಾಲ್ವರ ಕ್ಯಾಬಿನ್ ಒಂದು, ಅದರ ಪಕ್ಕದಲ್ಲೇ ಮೂವರದು, ಲಿಫ್ಟಿನಿಂದ ಆರನೆಯ ಬಾಗಿಲು. ಪೂರ್ಣ ಹಣ ಕಟ್ಟುವ ಕೊನೆಯ ದಿನ ಫೆಬ್ರವರಿಯಲ್ಲಿದೆ, ಅವರ ಡೈರಿಯಲ್ಲೂ ನನ್ನ ಗೋಡೆಯ ಕ್ಯಾಲೆಂಡರಿನಲ್ಲೂ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಪ್ರತಿ ಭಾನುವಾರ, ನಾನು ಸಂತೆಗೆ ಹೊರಡುವ ಹೊತ್ತಿಗೆ ಸರಿಯಾಗಿ, ಅವರ ಫೋನ್ ಬರುತ್ತದೆ: "ಇಳಿಯಿತೇ?" ಚೀಲ ಕೆಳಗಿಟ್ಟು, ನೋಡಿ ಹೇಳುತ್ತೇನೆ.