ಗಂಟಲು ನೋವಿಗೆ ಚೀಪುವ ಮಾತ್ರೆ ಸಾಕೇ?

ಗಂಟಲು ನೋವು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಇದನ್ನು ಹೇಳುವುದು ಸುಲಭ, ಒಪ್ಪಿಸುವುದೇ ಕಷ್ಟ. "ಎಂಜಲು ನುಂಗೋಕೂ ಆಗ್ತಿಲ್ಲ ಡಾಕ್ಟ್ರೇ, ನೀವು ನೋಡಿದ್ರೆ ಪೆಪ್ಪರ್‌ಮಿಂಟ್ ಚೀಪು ಅಂತೀರಲ್ಲ" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನೋವು ಜಾಸ್ತಿ ಇದ್ದಾಗ ಮದ್ದೂ ಜೋರಾಗಿರಬೇಕು ಅನ್ನಿಸುವುದು ಸಹಜ ಅಲ್ವಾ?

ಆದರೆ ನೋವು ಎಷ್ಟಿದೆ ಎಂಬುದರಿಂದ ಕಾರಣ ಯಾವುದು ಎಂದು ಹೇಳಲಾಗದು. ಗಂಟಲು ನೋವಿನ ಹಿಂದೆ ಹೆಚ್ಚಾಗಿ ಇರುವುದು ವೈರಸ್, ಅದರ ಮೇಲೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ನೋವು ಬರುವುದು ದೊಡ್ಡವರಲ್ಲಿ ನೂರಕ್ಕೆ 5ರಿಂದ 15 ಜನರಿಗೆ, ಮಕ್ಕಳಲ್ಲಿ 20ರಿಂದ 30ರಷ್ಟು. ಮದ್ದಿದ್ದರೂ ಇಲ್ಲದಿದ್ದರೂ ಬಹುತೇಕರಿಗೆ ಒಂದು ವಾರದಲ್ಲಿ ವಾಸಿಯಾಗುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಸರಾಸರಿ 16 ಗಂಟೆ ಮುಂಚೆ ಕಮ್ಮಿಯಾಗಬಹುದು, ಅಷ್ಟೇ. ಅಷ್ಟಕ್ಕೆ ಭೇದಿ, ಮೈಮೇಲೆ ದದ್ದು, ಮುಂದೊಂದು ದಿನ ನಿಜವಾಗಿ ಬೇಕಾದಾಗ ಮದ್ದು ನಾಟದೇ ಹೋಗುವ ಅಪಾಯ.

ಹಾಗಾದರೆ ಚೀಪುವ ಮಾತ್ರೆ ಏನು ಮಾಡುತ್ತದೆ? ಪೊಟ್ಟಣದ ಮೇಲೆ ಆ್ಯಂಟಿಸೆಪ್ಟಿಕ್ ಎಂದು ಬರೆದಿರುತ್ತದೆ. ಅದನ್ನು ಓದಿ ಗಂಟಲಿನ ಸೋಂಕೆಲ್ಲ ತೊಳೆದುಹೋಗುತ್ತದೆ ಎಂದುಕೊಳ್ಳಬೇಡಿ. ಮೇಲ್ಪದರದ ಕ್ರಿಮಿಗಳಿಗೆ ಅದು ತಾಗಬಹುದು, ಟಾನ್ಸಿಲ್ ಒಳಗೆ ಇಳಿದವಕ್ಕೆ ಅಲ್ಲ. ನಾನು ಅದನ್ನು ಬರೆದುಕೊಡುವುದೇ ನೋವಿಗೆ. ಅಮೈಲ್‌ಮೆಟಾಕ್ರೆಸಾಲ್ ಮತ್ತು ಡೈಕ್ಲೋರೋಬೆಂಜೈಲ್ ಆಲ್ಕೋಹಾಲ್ ಸೇರಿದ ಮಾತ್ರೆಗಳು ನರದಲ್ಲಿ ನೋವಿನ ಸಂದೇಶ ಸಾಗುವುದನ್ನು ಸ್ವಲ್ಪ ತಡೆಯುತ್ತವೆ. ಕೆಲವದರಲ್ಲಿ ಮರಗಟ್ಟಿಸುವ ಲಿಡೋಕೇನ್ ಇರುತ್ತದೆ. ಇನ್ನು ಕೆಲವದರಲ್ಲಿ ಊತ ಇಳಿಸುವ ಫ್ಲರ್ಬಿಪ್ರೊಫೆನ್ ಇರುತ್ತದೆ. ಹೊಟ್ಟೆಹುಣ್ಣು ಇರುವವರು, ಆಸ್ಪಿರಿನ್ ಅಲರ್ಜಿ ಇರುವವರು, ಗರ್ಭಿಣಿಯರು ಈ ಕೊನೆಯದನ್ನು ಕೇಳದೇ ಚೀಪಬಾರದು. ಪವಾಡವೇನೂ ಆಗದು, ನೋವು ತುಸು ಇಳಿಯುತ್ತದೆ. ನೀರು ಕುಡಿಯೋಕೆ, ಒಂದೆರಡು ತುತ್ತು ಇಳಿಸೋಕೆ ಆದರೆ ಅಷ್ಟೇ ಬೇಕಿರುವುದು.

ಎಲ್ಲರೂ ಎಡವುವುದು ಬಳಸುವ ಕ್ರಮದಲ್ಲಿ. ಕಟಕಟ ಕಡಿದು ನುಂಗಿದರೆ ಅದು ಹೊಟ್ಟೆಗೆ ಹೋಗುತ್ತದೆ, ಗಂಟಲಿಗೆ ಸಿಗುವುದಿಲ್ಲ. ಬಾಯಲ್ಲಿ ಆಚೆ ಈಚೆ ಹೊರಳಿಸುತ್ತಾ ನಿಧಾನಕ್ಕೆ ಕರಗಿಸಿ. ಒಂದೇ ಕೆನ್ನೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಮುಗಿದ ಮೇಲೆ ಸ್ವಲ್ಪ ಹೊತ್ತು ನೀರೂ ಬೇಡ. ಗಂಟಲು ಮರಗಟ್ಟಿದ್ದಾಗ ಬಿಸಿಬಿಸಿ ಕುಡಿದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ದಿನಕ್ಕೆ ಎಷ್ಟು ಎಂಬುದು ಪೊಟ್ಟಣದ ಮೇಲೆಯೇ ಇರುತ್ತದೆ, ಅದನ್ನು ಮೀರಬೇಡಿ. ಶುಗರ್ ಇರುವವರು ಸಕ್ಕರೆ ಇಲ್ಲದ್ದನ್ನು ಕೇಳಿ ಪಡೆಯಿರಿ. ಸಣ್ಣ ಮಕ್ಕಳಿಗಂತೂ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆ್ಯಂಟಿಬಯಾಟಿಕ್ ವಿಷಯಕ್ಕೆ ಬಂದರೆ, ನಾನು ಮೊದಲು ನೋಡುವುದು ನಾಲ್ಕು: ಜ್ವರ ಇದೆಯಾ, ಟಾನ್ಸಿಲ್ ಮೇಲೆ ಬಿಳಿ ಕೀವು ಕಟ್ಟಿದೆಯಾ, ದವಡೆ ಕೆಳಗೆ ಕುತ್ತಿಗೆಯ ಮುಂದಿನ ಗಂಟು ಮುಟ್ಟಿದರೆ ನೋಯುತ್ತದಾ, ಕೆಮ್ಮು ಇಲ್ಲವಾ. ಕೆಮ್ಮು ಇಲ್ಲದಿರುವುದೇ ಅನುಮಾನಕ್ಕೆ ಕಾರಣ ಎಂದರೆ ಜನ ಅಚ್ಚರಿಪಡುತ್ತಾರೆ. ಕೆಮ್ಮು, ಮೂಗು ಸೋರುವುದು, ದನಿ ಬೀಳುವುದು ವೈರಸ್ಸಿನ ಗುರುತು. ಮೂರು ನಾಲ್ಕು ಲಕ್ಷಣ ಕೂಡಿ ಬಂದರೆ ಗಂಟಲ ದ್ರವದ ಪರೀಕ್ಷೆ ಮಾಡಿಸಿ, ಸ್ಟ್ರೆಪ್ಟೋಕಾಕಸ್ ಇದ್ದರೆ ಆ್ಯಂಟಿಬಯಾಟಿಕ್ ಕೊಡುತ್ತೇನೆ. ಅದನ್ನು ಹೇಳಿದಷ್ಟು ದಿನ ನುಂಗಬೇಕು. ಹಿಂದೆ ರುಮ್ಯಾಟಿಕ್ ಜ್ವರ (ಸ್ಟ್ರೆಪ್ಟೋಕಾಕಸ್ ಗಂಟಲು ನೋವಿನ ನಂತರ ಕೀಲು, ಹೃದಯಕ್ಕೆ ತಾಗುವ ಕಾಯಿಲೆ) ಬಂದಿದ್ದವರ ಲೆಕ್ಕವೇ ಬೇರೆ, ಅವರು ಚೀಪುವ ಮಾತ್ರೆ ನಂಬಿ ಕಾಯಬಾರದು.

ಬಾಯಿ ತೆರೆಯಲು ಆಗದಿದ್ದರೆ, ಒಂದೇ ಕಡೆ ಊದಿದ್ದರೆ, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ, ಉಸಿರಾಟದಲ್ಲಿ ಸದ್ದು ಬಂದರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ. ವಾರ ಕಳೆದರೂ ನೋವು ಇಳಿಯದಿದ್ದರೆ ಬಂದು ತೋರಿಸಿ.